ಉಸಿರು ಕಟ್ಟುವ ಕಸುಬು

ಪ್ಯಾಡೂಕಾ, ಕೆಂಟಕಿ
ಸೋಮವಾರ, ಮಾರ್ಚ್ 9

ನನ್ನ ಟೆಸ್ಸಾ,

ಸೋಮವಾರ ಪಾರ್ಲರ್‌ಗೆ ರಜೆ. ಕೈಯಲ್ಲಿ ಯಾರ ತಲೆಯೂ ಇಲ್ಲದೆ ಕೂತಿದ್ದೇನೆ. ಕೈ ಖಾಲಿಯಾದರೆ ನನಗೆ ನಿಜ ಹೇಳುವ ಚಟ ಹತ್ತುತ್ತದೆ. ಫೋನಿನಲ್ಲಾದರೆ ನೀನು ಅಡ್ಡ ಮಾತಾಡುತ್ತೀಯ, ಅದಕ್ಕೇ ಈ ಕಾಗದ.

ಶುಕ್ರವಾರದೊಳಗೆ ನೀನು ಉತ್ತರ ಕೊಡಬೇಕು. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವ ಮುಂಚಿನ ಈ ಎರಡು ವರ್ಷ ಪ್ರೊಫೆಸರ್ ಹ್ಯಾಲ್ವರ್ಸನ್ನರ ಲ್ಯಾಬಿನಲ್ಲಿ ಇಲಿಗಳ ಹೃದಯ ನೋಡುತ್ತೀಯೋ, ಅಥವಾ ಡಾಕ್ಟರ್ ಬ್ರಾಟನ್ ಜೊತೆ ನಮ್ಮ ಜಿಲ್ಲೆಯ ಪಾರ್ಲರ್ ಹೆಂಗಸರ ಶ್ವಾಸಕೋಶ ಅಳೆಯುತ್ತೀಯೋ?

ಇಲಿಗಳೇ ಸರಿ ಎಂದು ನಾನು ಮೂರು ಸಲ ಹೇಳಿದೆ. ನೀನು ಗೊಣಗಿದೆ: "ಅಮ್ಮಾ, ಅಲ್ಲಿ ಆರು ತಿಂಗಳು ಬರೀ ಗಾಜು ತೊಳೆಸ್ತಾರೆ. ಅವರಿಗೆ ನನ್ನ ಹೆಸರೂ ಗೊತ್ತಿರಲ್ಲ. ಬ್ರಾಟನ್ ಮೊದಲ ದಿನವೇ ನೀನು ಉತ್ತರ ಹುಡುಕಬೇಕು ಅಂತಿರೋ ಪ್ರಶ್ನೆ ಏನಮ್ಮ ಅಂತ ಕೇಳಿದ್ರು." ನಾನು, "ನಿನ್ನ ಹೆಸರು ಅವರಿಗೆ ಗೊತ್ತಿಲ್ದಿದ್ರೇನೇ, ಶಿಫಾರಸು ಪತ್ರದ ಮೇಲಿನ ಅವರ ಸಹಿ ಊರಿಗೆಲ್ಲ ಗೊತ್ತಲ್ಲ!" ಎಂದು ಬಾಯಿ ಮುಚ್ಚಿಸಿದೆ. ಮಾತಿನಲ್ಲಿ ನಾನು ಸೋತದ್ದು ಯಾವಾಗ?

ಹಿಂದೆ ಮೆಡಿಕಲ್ ಕಾಲೇಜಿನ ಆಯ್ಕೆ ಸಮಿತಿಯಲ್ಲಿದ್ದ ಮಿಸೆಸ್ ಲಡ್‌ಲೋ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಹೇಳಿದ್ದನ್ನೂ ನಿನಗೆ ತಲುಪಿಸಿದ್ದೆ: "ದೊಡ್ಡ ಹೆಸರಿದ್ರೆ ಕಣ್ಣಿಗೆ ಬೀಳತ್ತೆ ವರ್ಲೀನ್." ಆದರೆ ಅವರು ಅಲ್ಲಿಗೇ ನಿಲ್ಲಿಸಿರಲಿಲ್ಲ. "ಆದ್ರೆ ಸಂದರ್ಶನದಲ್ಲಿ ನೀನು ಏನು ಮಾಡಿದೆ, ಯಾಕೆ ಮಾಡಿದೆ ಅಂತ ಕೇಳಿದ್ರೆ ಅರ್ಧ ಮಕ್ಕಳು ಬೆಬ್ಬೆಬ್ಬೆ ಅಂತಾರೆ" ಎಂದೂ ಹೇಳಿದ್ದರು. ಆ ಅರ್ಧವನ್ನು ನಾನು ನುಂಗಿಕೊಂಡೆ.

ಯಾಕೆಂದು ಹೇಳುತ್ತೇನೆ. ಬ್ರಾಟನ್ನರ ಅಧ್ಯಯನಕ್ಕೆ ಜನವರಿಯಲ್ಲಿ ನಾನೂ ಸೇರಿದೆ. ಪಾರ್ಲರ್‌ನಲ್ಲಿ ನನ್ನ ಪಕ್ಕದ ಕುರ್ಚಿಯ ಗಿರಾಕಿಗಳನ್ನು ನೋಡುವ ನಾಡೀನ್ ನನ್ನನ್ನು ಅಲ್ಲಿಗೆ ತಳ್ಳಿಕೊಂಡು ಹೋದಳು. "ಏನೇ ನಿನ್ನ ಕೆಮ್ಮು! ಡ್ರೈಯರ್ ಕೆಳಗೆ ನಿದ್ದೆ ಹೊಡೆಯೋರೂ ಎದ್ದು ಕೂರ್ತಾರೆ. ನಡಿ, ಊದಿ ಬಾ."

ಅಲ್ಲಿ ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಬಾಯಿಗೆ ಕೊಳವೆ ಕೊಟ್ಟು, "ಕಣ್ಣು ಮುಚ್ಚಿಕೊಳ್ಳಿ ಮೇಡಂ, ಹ್ಞಾಂ, ಈಗ ಊದಿ!" ಎಂದಳು. ನಾನು ಉಸಿರು ಕಟ್ಟಿದೆ. ಇನ್ನೊಮ್ಮೆ ಹೇಳಿದಳು, ಇನ್ನೊಮ್ಮೆ ಕಟ್ಟಿದೆ. ಇಪ್ಪತ್ತಾರು ವರ್ಷದಿಂದ ಗಿರಾಕಿಗೆ "ಕಣ್ಣು ಮುಚ್ಚಿ" ಎಂದು ಹೇಳುವವಳು ನಾನು, ಹೇಳಿದ ಕೂಡಲೇ ಉಸಿರು ಬಿಗಿಹಿಡಿದು ಹೇರ್ ಸ್ಪ್ರೇ ಹೊಡೆಯುವವಳೂ ನಾನೇ. ಆ ಎರಡು ಪದ ಕಿವಿಗೆ ಬಿದ್ದರೆ ಎದೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಹುಡುಗಿ, ತನ್ನನ್ನು ಗೇಲಿ ಮಾಡುತ್ತಿದ್ದೇನೆ ಅಂದುಕೊಂಡಳು. ಹೊರಗಿನಿಂದ ನಾಡೀನ್, "ಊದೇ ಮಾರಾಯ್ತಿ, ಅಲ್ಲಿ ಯಾರ ತಲೇನೂ ಇಲ್ಲ!" ಎಂದು ಕೂಗಿದಳು. ಮೂವರೂ ನಕ್ಕೆವು. ಮೂರನೆಯ ಸಲ ಊದಿದೆ. ಹುಡುಗಿ ಕಾಗದದ ಮೇಲಿನ ಗೆರೆ ನೋಡಿದಳು. ಅವಳ ನಗು ನಿಂತಿತು.

ಆ ಹುಡುಗಿಯ ಜಾಗದಲ್ಲಿ ನೀನು ಕೂತು ನನ್ನ ಆ ಗೆರೆ ನೋಡಬಾರದು. ನನ್ನ ಇಲಿಪ್ರೀತಿಯ ಗುಟ್ಟು ಇಷ್ಟೇ.

ಸಾಕಾಗಿದೆ ಮಗಳೇ. ಇಡೀ ದಿನ ನಿಂತು ಕಾಲು ಸೋತಿರುತ್ತದೆ, ಅದರ ಮೇಲೆ ಸಂಜೆ ನಿನಗೆ ಫೋನ್ ಮಾಡಿ ಚೆನ್ನಾಗಿದ್ದೇನೆ ಎನ್ನುವ ದುಡಿಮೆ ಬೇರೆ. ಕೆಮ್ಮು ಬಂದಾಗಲೆಲ್ಲ ಫೋನನ್ನು ಟವೆಲ್‌ಗಳ ರಾಶಿಯಲ್ಲಿ ಹೂತುಬಿಡುತ್ತಿದ್ದೆ. ಸಿಗ್ನಲ್ ಸರಿಯಿಲ್ಲ ಎಂದು ನೀನು ಫೋನ್ ಕಂಪನಿಗೆ ಬೈಯುತ್ತಿದ್ದೆ. ಪಾಪ, ಅವರದೇನೂ ತಪ್ಪಿಲ್ಲ.

ನನಗಾಗಿ ಬ್ರಾಟನ್ ಹತ್ತಿರ ಹೋಗಬೇಡ. ನನಗೆ ಹೆದರಿ ಇಲಿಗಳ ಹತ್ತಿರವೂ ಹೋಗಬೇಡ. ಯಾಕೆ ಮಾಡಿದೆ ಎಂದು ನಾಳೆ ಯಾರಾದರೂ ಕೇಳಿದರೆ, ತಡವರಿಸದೆ ಉತ್ತರ ಎಲ್ಲಿಂದ ಬರುತ್ತದೋ ಅಲ್ಲಿಗೆ ಹೋಗು. ನಾನು ಬಾಯಿ ಹಾಕುವುದಿಲ್ಲ. ಹಾಕಿದರೆ ನಾಡೀನ್‌ಗೆ ಹೇಳು, ಅವಳ ಹತ್ತಿರ ಕತ್ತರಿ ಇದೆ.

ಸೋತ ಕಾಲಿನ, ಸೋಲದ ಬಾಯಿಯ
ನಿನ್ನ ಅಮ್ಮ
ವರ್ಲೀನ್

ಮತ್ತೆ: ತಾಯಿ ಅಧ್ಯಯನದಲ್ಲಿದ್ದರೆ ಮಗಳು ಅಲ್ಲಿ ಕೆಲಸ ಮಾಡುವಂತಿಲ್ಲವಂತೆ. ಇವತ್ತು ಬೆಳಿಗ್ಗೆ ಬ್ರಾಟನ್ನರೇ ಹೇಳಿದರು. ಸುಮ್ಮನಿದ್ದರೆ ನಿನ್ನನ್ನು ತಡೆಯಬಹುದಿತ್ತು, ನೀನು ನನ್ನನ್ನು ದೂರುವಂತೆಯೂ ಇರಲಿಲ್ಲ. ಬಾಗಿಲವರೆಗೆ ಹೋದೆ, ವಾಪಸು ಬಂದು ಅಧ್ಯಯನದಿಂದ ನನ್ನ ಹೆಸರು ತೆಗೆಸಲು ಸಹಿ ಹಾಕಿದೆ. ಮುಂದಿನ ಮಂಗಳವಾರ ಹತ್ತು ಗಂಟೆಗೆ ಶ್ವಾಸಕೋಶದ ಡಾಕ್ಟರನ್ನು ನೋಡಬೇಕು. ಜೊತೆಗೆ ಯಾರು ಬರುತ್ತಾರೆ ಎಂದು ಬ್ರಾಟನ್ ಕೇಳಿದರು. ಮಗಳು ಅಂದುಬಿಟ್ಟೆ.