ನಿಮ್ಮ ತವರಿನ ಸಮುದ್ರ ನೋಡಿ ಬಂದೆ

ಪ್ರೀತಿಯ ಅತ್ತೆಯವರೇ, ನಿಮ್ಮ ಬಾಯಿಬಡಕಿ ಸೊಸೆ ಬರೆಯುತ್ತಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ದೀಪಾವಳಿ ರಜೆಯಲ್ಲಿ ಮಾಲ್ವಣಕ್ಕೆ ಹೋಗಿ ಬಂದೆವು. ನಾನು, ನಿಮ್ಮ ಮಗ, ಮೊಮ್ಮಗಳು, ಜೊತೆಗೆ ಮಾವನವರು. ಹೌದು, ಅವರೇ. ನಿಪ್ಪಾಣಿಯ ತಂಬಾಕಿನ ಲಾರಿ ಓಡಿಸುತ್ತಾ ಅಲ್ಲಿಗೆ ಹೋದವರು ನಿಮ್ಮನ್ನು ಮದುವೆಯಾಗಿ ಕರೆತಂದಾಗ, ನಿಮ್ಮ ಅಪ್ಪ ಇಬ್ಬರಿಗೂ ಹೊಸ್ತಿಲು ತುಳಿಯಬೇಡಿ ಅಂದರಲ್ಲ, ಅದೇ ಊರಿಗೆ ಹೊಸ ಧೋತರ ಉಟ್ಟು ಬಂದರು. ನೀವು ಮಾತ್ರ ಕಡೆತನಕ ಹೋಗಲಿಲ್ಲ. ತವರು ನಿಮ್ಮನ್ನು ಇನ್ನೂ ಮಗಳು ಅನ್ನುತ್ತದೋ ಇಲ್ಲವೋ, ಅದು ತಿಳಿಯಲೇಬೇಕೆಂದು ನಾನೇ ಹಟ ಹಿಡಿದೆ.

ನಿಮ್ಮ ನೂಲಹುಣ್ಣಿಮೆಗಳು ನೆನಪಾಗುತ್ತವೆ. ಮಾಲ್ವಣದಲ್ಲಿ ಅಂದು ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆಂದು ನೀವು ಅಂಕಲಿಯಲ್ಲಿ ಕೃಷ್ಣೆಗೆ ಬಿಡುತ್ತಿದ್ದಿರಿ. "ಹೊಳಿ ಕಡೀಕ ಸಮುದ್ರಕ್ಕ ಹೋಗತೈತೆಲ್ಲ, ನಮ್ಮಪ್ಪನ ಕೈಗೆ ಸಿಗತೈತಿ" ಅನ್ನುತ್ತಿದ್ದಿರಿ. ಒಮ್ಮೆ ಮೊಮ್ಮಗಳು ಶಾಲೆಯಲ್ಲಿ ನಕಾಶೆ ನೋಡಿ ಬಂದು, "ಆಯಿ, ನಮ್ಮ ಹೊಳಿ ಆ ಕಡೆ..." ಅನ್ನುವಷ್ಟರಲ್ಲಿ ಅವಳ ಬಾಯಿಗೆ ಶೇಂಗಾ ಉಂಡೆ ತುರುಕಿದೆ. ಕೃಷ್ಣೆ ನಿಮ್ಮ ತವರಿಗೆ ಬೆನ್ನು ಹಾಕಿ ಮೂಡಣಕ್ಕೆ ಹರಿಯುತ್ತಾಳೆ ಅಂತ ನಿಮಗೆ ಹೇಗೆ ಹೇಳುವುದು? ಅಷ್ಟೂ ಕಾಯಿಗಳಿಂದ ಆಂಧ್ರದವರು ಚಟ್ನಿ ಮಾಡಿಕೊಂಡಿರಬೇಕು.

ಆಂಬೋಲಿ ಘಾಟು ಇಳಿಯುವಾಗಲೇ ನನಗೆ ಕೂರಲಾಗುತ್ತಿರಲಿಲ್ಲ. ಜೆಟ್ಟಿಯಲ್ಲಿ ದೋಣಿ ಹತ್ತಿದರೆ ಎದುರಿಗೆ ನಡುನೀರಲ್ಲಿ ಸಿಂಧುದುರ್ಗ. ಗೋಡೆ ಹಾವಿನಂತೆ ಸುತ್ತಿಕೊಂಡಿದೆ, ಬಾಗಿಲು ಮಾತ್ರ ಎಲ್ಲೂ ಇಲ್ಲ. ತೀರ ಹತ್ತಿರ ಹೋದ ಮೇಲೆ ಕಂಡಿತು. ಮಾವನವರು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಲಾರಿಗೆ ಬ್ರೇಕಾದ್ರೂ ಇರತಾವವಾ, ಇದಕ್ಕ ಏನೈತಿ?" ಅಂದರು. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು.

ಕೋಟೆಯೊಳಗಿನ ಸಿಹಿನೀರಿನ ಬಾವಿಗಳ ಕಥೆ ನೀವು ಎಷ್ಟು ಸಲ ಹೇಳಿಲ್ಲ? ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆ ಬಾವಿ. ಅಲ್ಲೇ ವಾಸವಿರುವ ಹೆಂಗಸೊಬ್ಬಳು ನೀರು ಸೇದಿ ಕೊಟ್ಟಳು. ನಾಲ್ಕೂ ಕಡೆ ಉಪ್ಪು ಸಮುದ್ರ, ಆದರೂ ನಮ್ಮ ಹೊಲದ ಬಾವಿಗಿಂತ ಸಿಹಿ. ಮಾವನವರು ಇನ್ನೊಂದು ಚೊಂಬು ಕೇಳಿ ಕುಡಿದು, "ಇಷ್ಟ ವರ್ಷ ಆಕಿ ಬರೇ ಬಡಾಯಿ ಕೊಚ್ಚತಾಳ ಅನಕೊಂಡಿದ್ದೆ" ಅಂದರು. ಕೋಟೆ ಕಟ್ಟಿಸಿದ ಮಹಾರಾಜರ ಅಂಗೈ ಕಲ್ಲಲ್ಲಿ ಮೂಡಿದ ಗುರುತು ನೋಡಿದೆವು. ಬುರುಜು ಹತ್ತಿ ನಿಮ್ಮ ಊರಿನ ಹೆಂಚಿನ ಮನೆಗಳನ್ನು ನೋಡಿದೆವು. ನೀವು ಪಕ್ಕದಲ್ಲಿದ್ದಿದ್ದರೆ...

ಸಂಜೆ ನಿಮ್ಮ ಮನೆ ಹುಡುಕಿದೆವು. ಓಣಿಯ ತುದಿಯಲ್ಲಿ ಮಾವನವರ ಕಾಲು ನಿಂತುಬಿಟ್ಟಿತು. "ನೀ ಮುಂದ ನಡೀಯವಾ. ಬೈದ್ರ ನಾ ಇಲ್ಲೇ ಇರತೀನಿ." ಬಾಗಿಲು ತೆರೆದವರು ನಿಮ್ಮ ತಮ್ಮ. ಅದೇ ಮೂಗು, ಅದೇ ಗಿಡ್ಡ ಕುತ್ತಿಗೆ. ನಾವು ಯಾರೆಂದು ಹೇಳಿದೆ. ಅವರು ನಮ್ಮ ಹಿಂದೆ ನೋಡಿ, "ತಾಯೀ ಕುಠೆ?" ಅಂದರು. ಅಕ್ಕ ಎಲ್ಲಿ ಅಂತ. ನೀವು ತೀರಿಕೊಂಡದ್ದು ಅವರಿಗೆ ಗೊತ್ತೇ ಇರಲಿಲ್ಲ, ಅತ್ತೆ. ನಾನು ಹೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಓಣಿಗೆ ಇಳಿದು ಹೋಗಿ ಮಾವನವರ ಕೈ ಹಿಡಿದರು. "ಆತ ಯಾ, ಭಾವೋಜಿ," ಒಳಗೆ ಬನ್ನಿ ಭಾವ ಎಂದು ಕರೆತಂದರು.

ಈಗ ನಿಮಗೆ ಗೊತ್ತಿಲ್ಲದ್ದು ಕೇಳಿ. ಮಗಳಿಗೆ ಉಡಿ ತುಂಬದೆ ಕಳಿಸುವುದುಂಟೇ ಎಂದು ನಿಮ್ಮ ತಮ್ಮನ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ ಹಾಕಿದರು. ಮತ್ತೆ ಟ್ರಂಕಿನಿಂದ ಕುಪ್ಪಸದ ಖಣಗಳ ದೊಡ್ಡ ರಾಶಿಯನ್ನೇ ತಂದರು. ನೀವು ಮನೆ ಬಿಟ್ಟ ವರ್ಷದಿಂದ ನಿಮ್ಮ ಅವ್ವ, ಹೆಣ್ಣುಮಕ್ಕಳು ತವರಿಗೆ ಬರುವ ಪ್ರತಿ ನಾಗರಪಂಚಮಿಗೂ ನಿಮ್ಮ ಹೆಸರಿನ ಒಂದು ಖಣ ಎತ್ತಿಡುತ್ತಿದ್ದರಂತೆ. ಅವರ ನಂತರ ಅವರ ಸೊಸೆಯೂ ಅದನ್ನು ಬಿಡಲಿಲ್ಲ. ನಿಮ್ಮ ಅಪ್ಪನಿಗೂ ಗೊತ್ತಿತ್ತಂತೆ, ಬೇಡ ಅನ್ನಲಿಲ್ಲವಂತೆ. ಒಂದೊಂದಾಗಿ ಎಲ್ಲವನ್ನೂ ನನ್ನ ಸೆರಗಿಗೆ ಹಾಕಿದರು. ಅಲ್ಲಿ ಹಿಡಿಯಲಿಲ್ಲ. ಉಳಿದವನ್ನು ಮಾವನವರು ತಮ್ಮ ಶಲ್ಯ ಚಾಚಿ ತುಂಬಿಸಿಕೊಂಡರು.

ಬರುವ ಪಂಚಮಿಗೆ ನಮ್ಮನ್ನು ಕರೆದುಕೊಂಡು ಹೋಗಲು ನಿಮ್ಮ ತಮ್ಮ ಅಂಕಲಿಗೆ ಬರುತ್ತಿದ್ದಾರೆ.

ನಿಮ್ಮ ಸೊಸೆ