ಜೆಪಿ ಸೌಂಡ್

ಮಾರ್ಚ್ 3, ಬೆಳಗ್ಗೆ

ಕಾಫಿ. ಹೊಸ ಟ್ರ್ಯಾಕ್. ಮತ್ತೆ ಕಾಫಿ. ಬೇಸ್ ಸರಿಯಾಗಿ ಕೂತಿದೆ, ಮೇಲಿನದ್ದೆಲ್ಲ ಮಂಕು. ಟ್ರೆಬಲ್ ಏರಿಸಿದೆ. ಸಾಲಲಿಲ್ಲ. ಮತ್ತೆ ಏರಿಸಿದೆ.

ಸ್ಪೀಕರ್ ನಿಲ್ಲಿಸಿ ಸುಮ್ಮನೆ ಕೂತಿದ್ದಾಗ ಪ್ರಣಮ್ಯಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಎಂತ ಕೂತದ್ದು ನೀವು? ಕರೆಂಟ್ ಹೋಗಿ ಆ ಯುಪಿಎಸ್ ಆಗಿಂದ ಬೊಬ್ಬೆ ಹಾಕ್ತಾ ಉಂಟು. ಅಡುಗೆಮನೆಗೆ ಕೇಳ್ತದೆ!"

ಯುಪಿಎಸ್ ನನ್ನ ಕಾಲ ಬುಡದಲ್ಲೇ ಇತ್ತು. ಏನೋ ಯೋಚನೆಯಲ್ಲಿದ್ದೆ ಅಂದೆ. ಹೆಂಡತಿಯ ಹತ್ತಿರ ಸುಳ್ಳು ಹೇಳುವುದು ಸುಲಭ, ಅವಳು ಅರ್ಧ ಕೇಳುವಷ್ಟರಲ್ಲಿ ಒಲೆಯ ಕಡೆ ಓಡಿರುತ್ತಾಳೆ. ಹೋದ ಮೇಲೆ ಬಗ್ಗಿ ಕಿವಿ ಕೊಟ್ಟೆ. ಕೆಂಪು ದೀಪ ಮಿನುಗುತ್ತಿತ್ತು. ಸದ್ದಿಲ್ಲ.

ಮಾರ್ಚ್ 4

ಮುಂಬೈಯ ಯಾವುದೋ ವೆಬ್‌ಸೈಟಿನಲ್ಲಿ ನನ್ನ ಬಗ್ಗೆ ಉದ್ದದ ಲೇಖನ. 'ಚೆನ್ನೈಯ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಇಷ್ಟು ಹರಿತವಾದ, ಇಷ್ಟು ನಿರ್ಭೀತ ಸದ್ದು ಹಿಂದೆ ಇರಲಿಲ್ಲ.' ಹೆಸರೂ ಇಟ್ಟಿದ್ದಾರೆ — ಜೆಪಿ ಸೌಂಡ್.

ಮೊದಲಿನ ಆಲ್ಬಮ್‌ಗಳನ್ನು ಒಬ್ಬನೂ ನೆನೆದಿಲ್ಲ. ಮೆತ್ತಗಿನ, ತಗ್ಗು ದನಿಯ ಸಂಗೀತ. ಪಬ್ಬಿನಲ್ಲಿ ನುಡಿಸುತ್ತಿದ್ದರೆ ಎದುರಿನವರು ಚಿಪ್ಸ್ ಅಗಿಯುವುದೇ ಜೋರು. ಹೋದ ವರ್ಷದ ಟ್ರ್ಯಾಕ್ ಬಂತು ನೋಡಿ, ರೀಲ್ಸ್, ಮಾಲ್, ಆಟೋದವನ ಫೋನು, ಎಲ್ಲೆಲ್ಲೂ ಜಯಪ್ರಕಾಶ.

ಲೇಖನವನ್ನು ಇನ್ನೊಮ್ಮೆ ಓದಿದೆ. ಖುಷಿ ಆಗಬೇಕಿತ್ತು. ಆ ಯುಪಿಎಸ್ಸೇ ತಲೆಯಲ್ಲಿ.

ಮಾರ್ಚ್ 11

ಪೋರೂರಿನ ಆಸ್ಪತ್ರೆ. ಗಾಜಿನ ಕೋಣೆಯೊಳಗೆ ಕೂರಿಸಿ ಕೈಗೆ ಒಂದು ಬಟನ್ ಕೊಟ್ಟರು. ಸದ್ದು ಕೇಳಿದಾಗೆಲ್ಲ ಒತ್ತಬೇಕು. ಮೊದಮೊದಲು ಒತ್ತಿದೆ. ಆಮೇಲೆ ಕಾದೆ... ಮೆಷಿನ್ ಕೆಟ್ಟಿತೇನೋ ಅಂತ ಗಾಜಿನಾಚೆ ನೋಡಿದರೆ ಹುಡುಗಿ ಒಂದೇ ಸಮನೆ ಸದ್ದು ಕಳಿಸುತ್ತಿದ್ದಾಳೆ. ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಪಾಪ ಅನ್ನುವ ಹಾಗೆ.

ಡಾಕ್ಟರಮ್ಮ ಗ್ರಾಫ್ ತೋರಿಸಿದರು. "ಹೈ ಫ್ರೀಕ್ವೆನ್ಸಿ ಎಲ್ಲಾಂ ಪೋಯಿಡುಚ್ಚು ಸಾರ್. ತಿರುಂಬ ವರಾದು." ಸಣ್ಣ ಕೀರಲು ಸದ್ದೆಲ್ಲ ಕೇಳುವುದು ಹೋಯಿತು, ಮತ್ತೆ ಬರುವುದಿಲ್ಲ. ಜೋರು ಸದ್ದಿನಲ್ಲೇ ಇದ್ದರೆ ಉಳಿದದ್ದೂ ಹೋಗುತ್ತದಂತೆ. ಏನು ಕೆಲಸ ಅಂತ ಕೇಳಿದರು. ಹೋಟೆಲ್ ಅಂದೆ. ಅಣ್ಣಾ ನಗರದಲ್ಲಿ ಅಣ್ಣ ನಡೆಸುತ್ತಿದ್ದಾನಲ್ಲ, ಪೂರ್ತಿ ಸುಳ್ಳೇನಲ್ಲ.

ಅಂದರೆ ಇಷ್ಟೇ. ನನಗೆ ಕೇಳದ್ದನ್ನು ಕೇಳುವವರೆಗೆ ಏರಿಸುತ್ತಾ ಹೋಗಿದ್ದೇನೆ. ಅದಕ್ಕೇ ಲೋಕ ನಿರ್ಭೀತ ಅಂದಿದೆ. ಥೂ.

ಮಾರ್ಚ್ 29

ಕಿವಿಯ ಮೆಷಿನ್ ಬಂತು. ಪ್ರಣಮ್ಯಾಳಿಗೆ ಹೇಳಲೇಬೇಕಾಯಿತು. ಬೈಯುತ್ತಾಳೆ ಅಂದುಕೊಂಡಿದ್ದೆ, ಅವಳೇ ಮೆಲ್ಲಗೆ ಕಿವಿಗೆ ಕೂರಿಸಿದಳು.

ಮಗಳು ಕೃತಿ ಶಾಲೆಯಿಂದ ಬಂದಳು. ಈ ಹುಡುಗಿ ಒಂದು ವರ್ಷದಿಂದ ಬಾಯೊಳಗೇ ಗೊಣಗುತ್ತಾಳೆ ಅಂತ ಎಷ್ಟು ಗದರಿದ್ದೇನೆ. ಇವತ್ತು ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು. ಅವಳು ಗೊಣಗಿರಲೇ ಇಲ್ಲ. ಪುಸ್ತಕ ಕೊಟ್ಟು ಜೋರಾಗಿ ಓದು ಅಂದೆ. ಓದುತ್ತಾ ತಲೆಯೆತ್ತಿ, "ಅಪ್ಪಾ, ಎದುಕ್ಕು ಅಳರೀಂಗ?" ಅಂದಳು. ಅಳ್ತಾ ಇಲ್ಲ, ಓದು ಅಂದೆ.

ಮಾರ್ಚ್ 30

ಮೆಷಿನ್ ಹಾಕಿಕೊಂಡು ನನ್ನದೇ ಹಿಟ್ ಟ್ರ್ಯಾಕ್ ಕೇಳಿದೆ. ಮುಗಿಸಲಾಗಲಿಲ್ಲ. ಇಡ್ಲಿ ಪಾತ್ರೆಯ ತಳವನ್ನು ಸ್ಟೀಲ್ ಸೌಟಿನಿಂದ ಕೆರೆದ ಹಾಗಿದೆ.

ರಘುವಿಗೆ ಫೋನ್ ಮಾಡಿದೆ. ಮೈಸೂರಿನವನು, ಮೊದಲಿನಿಂದಲೂ ನನ್ನ ಟ್ರ್ಯಾಕ್‌ಗಳಿಗೆಲ್ಲ ಕೊನೆಯ ಪಾಲಿಷ್ ಅವನದ್ದೇ. ಇಷ್ಟು ಚುಚ್ಚುತ್ತದೆ ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಮೊದಲ್ನೇ ಸಲ ಕೇಳ್ದಾಗ ನನ್ ಕಿವಿ ಕಿತ್ತೋಯ್ತು ಕಣೋ. ಬೇಕೂಂತ್ಲೇ ಮಾಡಿದೀಯ ಅನ್ಕೊಂಡೆ. ಆಮೇಲೆ ನೋಡಿದ್ರೆ ಹಿಟ್ಟು! ಹಿಟ್ ಆದೋನಿಗೆ ತಪ್ಪು ತೋರ್ಸಕ್ಕೆ ನಾನ್ಯಾರು?"

ಎಂಥ ಗೆಳೆಯ. ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅವನ ಮೇಲೆ ಸಿಟ್ಟು ಮಾಡಿಕೊಂಡೆ. ನನ್ನ ಮೇಲೆ ಮಾಡಿಕೊಳ್ಳುವುದಕ್ಕಿಂತ ಅದು ಹಗುರ.

ಏಪ್ರಿಲ್ 9

ಸಿನಿಮಾ. ಕೊನೆಗೂ. ಪೂರ್ತಿ ಸಂಗೀತ ನನ್ನದೇ. ಮೆಷಿನ್ ಹಾಕಿಕೊಂಡು ಮಾಡಿದ ಹೊಸ ಟ್ಯೂನ್ ಡೈರೆಕ್ಟರಿಗೆ ಕೇಳಿಸಿದೆ. ಮೆಷಿನ್ ತೆಗೆದು ಜೇಬಿನಲ್ಲಿಟ್ಟಿದ್ದೆ, ಕಂಡರೆ ಕಥೆ ಮುಗಿಯಿತು. ವರ್ಷಗಳ ನಂತರ ನನಗೇ ಹಿಡಿಸಿದ ಕೆಲಸ. ಆತ ಅರ್ಧದಲ್ಲೇ ಫೋನ್ ನೋಡತೊಡಗಿದ.

"ನಲ್ಲಾ ಇರುಕ್ಕು ಸಾರ್. ಆನಾ ಇದು ಯಾರ್ ವೇಣಾಲುಂ ಪಣ್ಣುವಾಂಗ. ಎನಕ್ಕು ಜೆಪಿ ಸೌಂಡ್ ವೇಣುಂ."

ಚೆನ್ನಾಗಿದೆ, ಆದರೆ ಇದನ್ನು ಯಾರು ಬೇಕಾದರೂ ಮಾಡುತ್ತಾರಂತೆ, ಅವನಿಗೆ ಜೆಪಿ ಸೌಂಡೇ ಬೇಕಂತೆ. ನನ್ನ ಕಾಯಿಲೆಗೆ ನನಗಿಂತ ಹೆಚ್ಚು ಮರ್ಯಾದೆ.

ಏಪ್ರಿಲ್ 16

ಹಿಟ್ ಟ್ರ್ಯಾಕಿನ ಸೆಟ್ಟಿಂಗ್ ನೋಡಿಕೊಂಡು ಮಾಡಿ ಕಳಿಸಿದೆ. ವಾಪಸ್. ಹತ್ತಿರ ಇದೆಯಂತೆ, ಆದರೆ ಹೆದರಿಕೊಂಡು ಮಾಡಿದ ಹಾಗಿದೆಯಂತೆ. ನಿಜ. ಮೆಷಿನ್ ಕಿವಿಯಲ್ಲಿದ್ದರೆ ನೋಯುವ ಜಾಗಕ್ಕೆ ಕೈ ಹೋಗುವುದೇ ಇಲ್ಲ. ಸೋಮವಾರಕ್ಕೆ ಕೊಡದಿದ್ದರೆ ಡೈರೆಕ್ಟರ್ ಬೇರೆಯವರನ್ನು ನೋಡುತ್ತಾನೆ.

ಪ್ರಣಮ್ಯಾ: "ಬೇಡ ಅಂತ ಹೇಳಿ ಬಿಡಿ. ಬಾವನ ಹತ್ರ ಹೇಳಿದ್ರೆ ಹೋಟೆಲಲ್ಲಿ ಎಂತಾದ್ರೂ ಕೆಲಸ ಉಂಟು."

"ಕ್ಯಾಶಲ್ಲಿ ಕೂತು ಟೋಕನ್ ಹರಿಲಿಕ್ಕಾ ನಾನು ಇಷ್ಟು ವರ್ಷ ಸತ್ತದ್ದು?"

"ಉಳಿದ ಕಿವಿಯೂ ಹೋದ್ರೆ ಎಂತ ಮಾಡ್ತೀರಿ? ಮಗಳ ಸ್ವರ ಬೇಡ್ವಾ ನಿಮಗೆ?"

ಎದ್ದು ಹೋಗಿ ಸ್ಪೀಕರ್ ಹಾಕಿದೆ.

ಏಪ್ರಿಲ್ 20, ಭಾನುವಾರ, ಮಧ್ಯಾಹ್ನ

ಮೆಷಿನ್ ಡಬ್ಬಿಗೆ ಹಾಕಿದೆ. ಸ್ಪೀಕರಿನ ವಾಲ್ಯೂಮ್ ಪೂರ್ತಿ. ಕೈ ತಾನಾಗಿಯೇ ಓಡುತ್ತಿದೆ, ಹೆದರಿಕೆ ಇಲ್ಲ. ಏನು ಸುಖ, ಹಾಳಾದ್ದು.

ಒಂದೇ ತೊಂದರೆ. ಡೈರೆಕ್ಟರಿಗೆ ಬೇಕಾದಷ್ಟು ಆಯಿತೋ ಇಲ್ಲವೋ ನನಗೇ ತಿಳಿಯುತ್ತಿಲ್ಲ. ಹೋದ ವರ್ಷ ಈ ಮಟ್ಟದಲ್ಲಿ ಚೆನ್ನಾಗಿ ಕೇಳುತ್ತಿತ್ತು. ಈಗ ಇದೂ ಮಂಕು.

ತಿರುಗಿದರೆ ಬಾಗಿಲಲ್ಲಿ ಕೃತಿ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತಿದ್ದಳು. ನಿಲ್ಲಿಸಿದೆ. ಕೈ ಕೆಳಗಿಳಿಸಿದಳು. ಹಾಕಿದೆ. ತಕ್ಷಣ ಮುಚ್ಚಿಕೊಂಡಳು.

ಸರಿಯಾಗಿ ಬಂದಿದೆ ಅಂತಾಯಿತು.

ಕುರ್ಚಿ ಎಳೆದು ಪಕ್ಕದಲ್ಲಿ ಕೂರು ಅಂದಿದ್ದೇನೆ. ಕೂತಿದ್ದಾಳೆ. ಟ್ರೆಬಲ್ ಏರಿಸುವಾಗ ಎಲ್ಲಿ ಕಿವಿಗೆ ಕೈ ಎತ್ತುತ್ತಾಳೋ ಅಲ್ಲಿಗೆ ಗುರುತು ಹಾಕಿಕೊಂಡು, ಅಲ್ಲಿಂದ ಒಂಚೂರು ಮೇಲಕ್ಕೆ—