ಗುಡುಗಿನ ಗಂಟೆ

ಸೆಂ-ಒರೆಲ್, ಜೂನ್ ೧೭೮೪

ವಂದನೀಯ ಸ್ವಾಮಿಗಳೇ,

ಗುಡುಗು ಬಂದಾಗಲೆಲ್ಲ ಮೋಡ ಚದುರಲೆಂದು ನನ್ನ ಗಂಡ ಆನ್ಸೆಲ್ಮ್ ಚರ್ಚಿನ ಗಂಟೆ ಬಾರಿಸುತ್ತಾನೆ. ಅವನ ತಂದೆ ಹಾಗೆ ಬಾರಿಸುತ್ತಿರುವಾಗಲೇ ಸಿಡಿಲು ಬಡಿದು ಸತ್ತರು.

ಈ ವರ್ಷ ಪಟ್ಟಣಗಳಲ್ಲಿ ಗೋಪುರದ ತುದಿಗೆ ಕಬ್ಬಿಣದ ಸಲಾಕೆ ನೆಟ್ಟು ಸಿಡಿಲನ್ನು ನೆಲಕ್ಕಿಳಿಸುತ್ತಿದ್ದಾರೆಂದು ಮೇಷ್ಟ್ರು ಪತ್ರಿಕೆ ಓದಿ ಹೇಳಿದರು. ಜನ ಬಿಸಿಗಾಳಿ ತುಂಬಿದ ದೊಡ್ಡ ಚೀಲಕ್ಕೆ ಬುಟ್ಟಿ ಕಟ್ಟಿ, ಅದರಲ್ಲಿ ಕೂತು ಆಕಾಶಕ್ಕೂ ಹೋಗುತ್ತಿದ್ದಾರಂತೆ. ಅದು ನಮಗೆ ಬೇಡ. ಸಲಾಕೆಯೊಂದು ಸಾಕು, ನಮ್ಮ ಕಮ್ಮಾರನೇ ಮಾಡಿಕೊಡುತ್ತಾನೆ.

"ಸಿಡಿಲಿಗೆ ಹೆದರೋಳು ಗಂಟೆಯವನನ್ನ ಯಾಕೆ ಕಟ್ಕೊಂಡೆ ಮಾರಾಯ್ತಿ?" ಎಂದು ಆನ್ಸೆಲ್ಮ್ ನಗುತ್ತಾನೆ. "ಊರೋರ ದ್ರಾಕ್ಷಿಯೆಲ್ಲ ಆಲಿಕಲ್ಲಿಗೆ ಹೋದ್ರೆ ನೀನು ಉತ್ತರ ಕೊಡ್ತೀಯಾ?"

ಗಂಟೆಯ ಹಗ್ಗ ಕಾಣೆಯಾಗಿದೆಯೆಂದು ಅವನನ್ನು ಬೈಯಬೇಡಿ. ಅವನು ಎಂದೂ ತೆರೆಯದ ಹಿಟ್ಟಿನ ಪೆಟ್ಟಿಗೆಯಲ್ಲಿದೆ. ಭಾನುವಾರ ಆಕಾಶ ತಿಳಿಯಾಗಿದ್ದರೆ ಪೂಜೆಯ ಹೊತ್ತಿಗೆ ನಾನೇ ತಂದುಕೊಡುತ್ತೇನೆ.

ತಮ್ಮ ವಿಧೇಯಳಾದ,
ಪೆರಿನ್